ಮಗು ಯಾರ ಬಳಿ ಇರಬೇಕು, ಯಾರು ಯಾವಾಗ ನೋಡಬಹುದು: ಬೇರೆಯಾದ ತಂದೆ ತಾಯಿಗೆ ಕಾನೂನು ಹೇಳುವುದೇನು?

ಮಗುವಿನ ಸುಪರ್ದಿಯ ವಿವಾದ ವಿಚ್ಛೇದನದ ತೀರ್ಪು ಬಂದ ದಿನ ಹುಟ್ಟುವುದಿಲ್ಲ. ತಾಯಿ ಮಗುವನ್ನು ಕರೆದುಕೊಂಡು ತವರಿಗೆ ಹೋದ ದಿನ, ಅಥವಾ ಅಜ್ಜಿಯ ಮನೆಗೆ ಕರೆದೊಯ್ದ ಮಗುವನ್ನು ತಂದೆ ವಾಪಸ್ ಕಳಿಸಲು ಒಪ್ಪದ ದಿನವೇ ಅದು ಶುರುವಾಗಿರುತ್ತದೆ. ಆ ಹೊತ್ತಿಗೆ ಯಾರ ಕೈಯಲ್ಲೂ ನ್ಯಾಯಾಲಯದ ಆದೇಶ ಇರುವುದಿಲ್ಲ. ವಕೀಲರ ಎದುರು ಕುಳಿತಾಗ ಇಬ್ಬರೂ ಮೊದಲು ಕೇಳುವುದು ಒಂದನ್ನೇ: ‘ಮಗು ನನಗೆ ಸಿಗುತ್ತದೆಯೇ?’

ನ್ಯಾಯಾಲಯ ವಿಷಯವನ್ನು ಈ ಕಡೆಯಿಂದ ನೋಡುವುದೇ ಇಲ್ಲ. ಮಕ್ಕಳು ಹೆತ್ತವರ ಸ್ವತ್ತೂ ಅಲ್ಲ, ಆಟದ ಗೊಂಬೆಗಳೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ನ್ಯಾಯಾಧೀಶರು ಹುಡುಕುವುದು ಈ ಮಗು ಎಲ್ಲಿದ್ದರೆ ಅದಕ್ಕೆ ಒಳಿತು ಎಂಬುದನ್ನು. ಇದು ತಿಳಿಯದೆ ಎಷ್ಟೋ ಜನ ತಮ್ಮ ಸಂಗಾತಿ ಎಷ್ಟು ಕೆಟ್ಟವರು ಎಂದು ಸಾಬೀತು ಮಾಡುವುದರಲ್ಲೇ ವರ್ಷಗಳನ್ನು ಕಳೆಯುತ್ತಾರೆ. ಹೆಂಡತಿಯೊಂದಿಗೆ ಬಾಳಲಾರದ ಗಂಡಸು ಮಗುವಿಗೆ ಅಕ್ಕರೆಯ ತಂದೆಯಾಗಿರಬಹುದು. ಗಂಡನ ಮನೆಯಲ್ಲಿ ಹೊಂದಿಕೊಳ್ಳಲಾಗದ ಹೆಣ್ಣುಮಗಳು ಮಗುವಿನ ಮಟ್ಟಿಗೆ ಯಾವ ಕೊರತೆಯನ್ನೂ ಮಾಡದವಳಾಗಿರಬಹುದು. ದಾಂಪತ್ಯದ ತಪ್ಪು ಒಪ್ಪುಗಳ ಪಟ್ಟಿಗೆ ಸುಪರ್ದಿಯ ಅರ್ಜಿಯಲ್ಲಿ ಇರುವ ಬೆಲೆ ಬಹಳ ಕಡಿಮೆ. ಆ ನಡವಳಿಕೆ ಮಗುವನ್ನು ಮುಟ್ಟಿದ್ದರೆ ಮಾತ್ರ ಅದಕ್ಕೆ ತೂಕ.

ಸುಪರ್ದಿ ಬೇರೆ, ಪೋಷಕತ್ವ ಬೇರೆ

ಮಗು ದಿನನಿತ್ಯ ಯಾರ ಮನೆಯಲ್ಲಿ ಮಲಗಿ ಏಳುತ್ತದೆ, ಯಾರು ಅದನ್ನು ಶಾಲೆಗೆ ಕಳಿಸುತ್ತಾರೆ ಎಂಬುದು ಸುಪರ್ದಿ. ಮಗುವಿನ ಪರವಾಗಿ ಕಾನೂನಿನ ಎದುರು ಸಹಿ ಹಾಕುವ, ಅದರ ಆಸ್ತಿ ನೋಡಿಕೊಳ್ಳುವ, ದೊಡ್ಡ ತೀರ್ಮಾನಗಳಲ್ಲಿ ಮಾತಾಡುವ ಅಧಿಕಾರ ಪೋಷಕತ್ವ. ಸುಪರ್ದಿ ಒಬ್ಬರಿಗೆ ಹೋಯಿತು ಎಂದರೆ ಇನ್ನೊಬ್ಬರ ಪೋಷಕತ್ವ ಅಳಿಸಿಹೋಯಿತು ಎಂದಲ್ಲ. ಮಗುವಿನ ಪಾಸ್‌ಪೋರ್ಟ್ ಅರ್ಜಿಗೆ ಸಾಮಾನ್ಯವಾಗಿ ಇಬ್ಬರ ಒಪ್ಪಿಗೆಯನ್ನೂ ಕೇಳುವುದು ಇದೇ ಕಾರಣಕ್ಕೆ. ಮೂರನೆಯದು ಭೇಟಿಯ ಹಕ್ಕು, ಎಂದರೆ ಸುಪರ್ದಿ ಸಿಗದವರು ಮಗುವನ್ನು ನೋಡುವ, ಜೊತೆಗೆ ಕರೆದೊಯ್ಯುವ, ಫೋನಿನಲ್ಲಿ ಮಾತಾಡುವ ಏರ್ಪಾಡು.

1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೊರಟಾಗ ತಾಯಿಯ ಸಹಿ ಸಾಲದು ಎಂಬ ಉತ್ತರ ಬಂತು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಂದೆ ಬದುಕಿದ್ದರೂ ಮಗುವಿನ ಹೊಣೆಯನ್ನು ನಿಜವಾಗಿ ಹೊರದಿದ್ದರೆ ತಾಯಿಯೇ ಸಹಜ ಪೋಷಕಿಯಾಗಿ ನಡೆದುಕೊಳ್ಳಬಹುದು, ಅದಕ್ಕಾಗಿ ಅವನ ಸಾವಿನವರೆಗೆ ಕಾಯಬೇಕಿಲ್ಲ ಎಂಬ ಅರ್ಥವನ್ನು 1999ರ ಆ ತೀರ್ಪು ಕಾಯ್ದೆಗೆ ಕೊಟ್ಟಿತು. ಇಬ್ಬರನ್ನೂ ಸಮಾನ ಪೋಷಕರನ್ನಾಗಿ ಮಾಡಿ ಎಂದು ಭಾರತೀಯ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಕಾಯ್ದೆಯ ಪಠ್ಯ ಮಾತ್ರ ಬದಲಾಗಿಲ್ಲ. ಇದು ಬದಲಾಗಲೇಬೇಕಾದ ಪಠ್ಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಯಾವ ಕಾಯ್ದೆಯಡಿ ಅರ್ಜಿ ಹಾಕಬೇಕು ಎಂಬುದು ಮದುವೆ ಹೇಗೆ ನಡೆದಿದೆ, ಪ್ರಕರಣ ಯಾವ ಹಂತದಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ವಿಚ್ಛೇದನದ ಪ್ರಕರಣ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್, ವಿಶೇಷ ವಿವಾಹ ಕಾಯ್ದೆಯ 38ನೇ ಸೆಕ್ಷನ್, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಅದೇ ನ್ಯಾಯಾಲಯಕ್ಕೆ ಮಗುವಿನ ಬಗ್ಗೆ ಆದೇಶ ಕೊಡುವ ಅಧಿಕಾರ ನೀಡುತ್ತವೆ. ವಿಚ್ಛೇದನವೇ ಬೇಡ, ಮಗುವಿನ ವಿಷಯ ಮಾತ್ರ ಇತ್ಯರ್ಥವಾಗಲಿ ಎನ್ನುವವರಿಗೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇದೆ. ಅದು ಎಲ್ಲ ಧರ್ಮದವರಿಗೂ ತೆರೆದಿದೆ. ಅದರಡಿ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ನ್ಯಾಯಾಲಯದಲ್ಲಿ, ತಂದೆಯ ಅಥವಾ ತಾಯಿಯ ಅನುಕೂಲದ ಊರಿನಲ್ಲಿ ಅಲ್ಲ. ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಈ ಪ್ರಕರಣಗಳೆಲ್ಲ ಅಲ್ಲಿಗೇ ಹೋಗುತ್ತವೆ. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಎಳೆಯ ಮಕ್ಕಳನ್ನು ಬಳಿಯಲ್ಲಿಟ್ಟುಕೊಳ್ಳುವ ತಾಯಿಯ ಹಕ್ಕಿಗೆ ಹಿಜಾನತ್ ಎನ್ನುತ್ತಾರೆ. ಹನಫಿ ಪಂಥದಲ್ಲಿ ಗಂಡುಮಗುವಿಗೆ 7 ವರ್ಷ ತುಂಬುವವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಆ ಹಕ್ಕು ಇರುತ್ತದೆ. ಯಾವ ಕಾಯ್ದೆಯಿಂದ ಹೊರಟರೂ ಕೊನೆಗೆ ನ್ಯಾಯಾಲಯ ತಲುಪುವುದು ಮಗುವಿನ ಹಿತಕ್ಕೇ.

ಹಿತ ಎಂದರೆ ನ್ಯಾಯಾಲಯ ಏನನ್ನು ನೋಡುತ್ತದೆ?

‘ನನ್ನ ಸಂಬಳ ಹೆಚ್ಚು, ಸ್ವಂತ ಮನೆ ಇದೆ, ಹಾಗಾಗಿ ಮಗು ನನಗೇ’ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಲ್ಲುವುದಿಲ್ಲ. ಹಣ ಕಡಿಮೆ ಇರುವವರ ಬಳಿ ಮಗು ಇದ್ದರೆ, ಹೆಚ್ಚು ಇರುವವರಿಂದ ಜೀವನಾಂಶ ಕೊಡಿಸುವ ದಾರಿ ಕಾನೂನಿನಲ್ಲೇ ಇದೆ. ದುಡ್ಡಿನಿಂದ ತುಂಬಬಹುದಾದ ಕೊರತೆಗಿಂತ ತುಂಬಲಾಗದ ಕೊರತೆಯ ಮೇಲೆ ನ್ಯಾಯಾಲಯದ ಕಣ್ಣಿರುತ್ತದೆ.

ಆದ್ದರಿಂದ ವಿಚಾರಣೆಯಲ್ಲಿ ಬರುವ ಪ್ರಶ್ನೆಗಳು ತೀರಾ ಸಣ್ಣವು, ದಿನಚರಿಯವು. ಮಗುವಿಗೆ ಜ್ವರ ಬಂದಾಗ ವೈದ್ಯರ ಬಳಿ ಕರೆದೊಯ್ದವರು ಯಾರು? ಶಾಲೆಯ ಸಭೆಗೆ ಹೋಗುತ್ತಿದ್ದವರು ಯಾರು? ಕೆಲಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ? ಅಣ್ಣ ತಂಗಿಯರನ್ನು ಬೇರ್ಪಡಿಸಬೇಕಾಗುತ್ತದೆಯೇ? ಈಗಿರುವ ಶಾಲೆ, ಗೆಳೆಯರು ತಪ್ಪಿಹೋಗುತ್ತಾರೆಯೇ? ಕೊನೆಗೊಂದು ಪ್ರಶ್ನೆ ಇದೆ, ಅದನ್ನು ಬಹಳ ಜನ ಕಡೆಗಣಿಸುತ್ತಾರೆ: ಇಬ್ಬರಲ್ಲಿ ಯಾರ ಬಳಿ ಮಗು ಇದ್ದರೆ ಇನ್ನೊಬ್ಬರೊಂದಿಗಿನ ಅದರ ಸಂಬಂಧ ಉಳಿಯುತ್ತದೆ? ಭೇಟಿಗೆ ಅಡ್ಡಿ ಮಾಡಿದ್ದು ತನ್ನ ಗೆಲುವು ಎಂದುಕೊಂಡವರಿಗೆ ಅದೇ ಸಂಗತಿ ವಿರುದ್ಧ ಸಾಕ್ಷ್ಯವಾಗಬಹುದು.

ಐದು ವರ್ಷದ ಮಾತು ಬಂದೇ ಬರುತ್ತದೆ. ಐದು ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಗೇ ಎಂದು 1956ರ ಕಾಯ್ದೆ ಹೇಳುತ್ತದೆ. ಆ ವಯಸ್ಸಿನ ಮಗುವನ್ನು ತಾಯಿಗೆ ಕೊಡಬಾರದು ಎನ್ನುವ ತಂದೆಯೇ ಅದಕ್ಕೆ ಬಲವಾದ ಕಾರಣ ತೋರಿಸಬೇಕು ಎಂದು 2015ರಲ್ಲಿ ರೊಕ್ಸಾನ್ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಇದನ್ನು ತಲೆಕೆಳಗಾಗಿ ಓದುವವರಿದ್ದಾರೆ. ಐದನೆಯ ಹುಟ್ಟುಹಬ್ಬದ ಮರುದಿನ ಮಗು ತಂದೆಯದಾಗುತ್ತದೆ ಎಂದು ಎಲ್ಲಿಯೂ ಬರೆದಿಲ್ಲ. ಐದರ ನಂತರ ತಾಯಿಯ ಪರವಾದ ಆ ಊಹೆ ಇರುವುದಿಲ್ಲ, ಅಷ್ಟೇ.

ಮಗುವನ್ನೇ ಕೇಳಬಹುದೇ? ಯೋಚಿಸಿ ಇಷ್ಟವನ್ನು ಹೇಳಬಲ್ಲಷ್ಟು ಬೆಳೆದ ಮಗುವಿನ ಅಭಿಪ್ರಾಯವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಇಂತಿಷ್ಟೇ ವಯಸ್ಸು ಎಂದು ಅದು ಗೆರೆ ಎಳೆದಿಲ್ಲ. ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆದು, ಹೆತ್ತವರನ್ನೂ ವಕೀಲರನ್ನೂ ಹೊರಗಿರಿಸಿ ಮಾತಾಡುತ್ತಾರೆ. ಹೇಳಿಕೊಟ್ಟ ಮಾತು ಬಹುಬೇಗ ಗೊತ್ತಾಗುತ್ತದೆ. ಏಳು ವರ್ಷದ ಮಗು ದೊಡ್ಡವರ ಪದಗಳಲ್ಲಿ ತಂದೆಯ ಮೇಲೆ ದೂರು ಒಪ್ಪಿಸಿದರೆ ಆ ಪದಗಳು ಎಲ್ಲಿಂದ ಬಂದವು ಎಂದು ಯಾರಿಗಾದರೂ ಅನಿಸುತ್ತದೆ. ದಯವಿಟ್ಟು ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಅಪ್ಪ ಬೇಕೋ ಅಮ್ಮ ಬೇಕೋ ಎಂದು ಆರಿಸುವ ಭಾರವನ್ನು ಆ ವಯಸ್ಸಿನ ಹೆಗಲ ಮೇಲೆ ಹಾಕುವುದು ಕ್ರೌರ್ಯ, ಅದನ್ನು ಪ್ರೀತಿಯ ಹೆಸರಿನಲ್ಲಿ ಮಾಡಿದರೂ.

ಮಧ್ಯಂತರ ಆದೇಶಕ್ಕೆ ಕಾಯಬೇಡಿ, ಅದನ್ನು ಕೇಳಿ

ಸುಪರ್ದಿಯ ಪ್ರಕರಣ ಅಂತಿಮ ತೀರ್ಪಿಗೆ ಬರಲು ವರ್ಷಗಳು ಹಿಡಿಯಬಹುದು. ಎರಡು ವರ್ಷದ ಮಗು ಆಗ ಶಾಲೆಗೆ ಹೋಗುತ್ತಿರುತ್ತದೆ, ಆರು ವರ್ಷದ್ದು ಮಾಧ್ಯಮಿಕ ತರಗತಿಯ ಹೊಸ್ತಿಲಲ್ಲಿರುತ್ತದೆ. ಅಷ್ಟು ಕಾಲ ಮಗು ಒಬ್ಬರ ಬಳಿಯೇ ನೆಲೆಯೂರಿದ ಮೇಲೆ ಅದನ್ನು ಅಲ್ಲಿಂದ ಕದಲಿಸಲು ಯಾವ ನ್ಯಾಯಾಧೀಶರೂ ಹಿಂದೆಮುಂದೆ ನೋಡುತ್ತಾರೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದದ್ದು, ಆದರೂ ಜನ ಕಡಿಮೆ ಗಮನ ಕೊಡುವುದು ಇದಕ್ಕೇ: ಮಗುವಿನ ಬದುಕನ್ನು ನಿಜವಾಗಿ ರೂಪಿಸುವುದು ಕೊನೆಯ ತೀರ್ಪಲ್ಲ, ಮೊದಲ ಕೆಲವು ತಿಂಗಳ ಮಧ್ಯಂತರ ಏರ್ಪಾಡು.

ಹಾಗಾಗಿ ಮಗು ಬಳಿಯಲ್ಲಿಲ್ಲದವರು ‘ತೀರ್ಪು ಬರಲಿ, ಆಮೇಲೆ ನೋಡೋಣ’ ಎಂದು ಸುಮ್ಮನಿರಬಾರದು. ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಭೇಟಿಯ ಅರ್ಜಿ ಹಾಕಬಹುದು. 1890ರ ಕಾಯ್ದೆಯ 12ನೇ ಸೆಕ್ಷನ್ ಮಗುವನ್ನು ಹಾಜರುಪಡಿಸಲು, ತಾತ್ಕಾಲಿಕ ಸುಪರ್ದಿ ಕೊಡಲು ನ್ಯಾಯಾಲಯಕ್ಕೆ ಅಧಿಕಾರ ನೀಡಿದೆ. ಮಗುವಿನ ಖರ್ಚಿನ ವಿಷಯವೂ ಹೀಗೆಯೇ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್‌ಗೆ 2001ರಲ್ಲಿ ಸೇರಿಸಿದ ಮಾತಿನ ಪ್ರಕಾರ, ಮಕ್ಕಳ ಪೋಷಣೆ ಮತ್ತು ಶಿಕ್ಷಣಕ್ಕೆ ಸಂಬಂಧಿಸಿದ ಮಧ್ಯಂತರ ಅರ್ಜಿಯನ್ನು ಎದುರುದಾರರಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟೂ ಇತ್ಯರ್ಥ ಮಾಡಬೇಕು. ವಾಸ್ತವದಲ್ಲಿ ಆ ಗಡುವು ಮೀರುತ್ತದೆ; ಆದರೂ ಕಾನೂನಿನ ಈ ಮಾತನ್ನು ನ್ಯಾಯಾಲಯದ ಮುಂದೆ ಎತ್ತಿ ಹಿಡಿಯಬೇಕು.

ದೌರ್ಜನ್ಯಕ್ಕೆ ಸಿಕ್ಕಿ ಮನೆ ಬಿಟ್ಟು ಬಂದ ಮಹಿಳೆಗೆ ಇನ್ನೊಂದು ಬಾಗಿಲಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರು ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನು ಆಕೆಗೆ ಕೊಡಬಹುದು. ತಂದೆಯ ಭೇಟಿ ಮಕ್ಕಳಿಗೆ ಅಪಾಯ ಎಂದು ಕಂಡರೆ ಅದನ್ನು ನಿರಾಕರಿಸಬಹುದು. ಮಗುವನ್ನು ಕಾನೂನುಬಾಹಿರವಾಗಿ ಹಿಡಿದಿಟ್ಟುಕೊಂಡ ಪ್ರಕರಣಗಳಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನೂ, ಎಂದರೆ ಹಿಡಿದಿಟ್ಟವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿಯನ್ನೂ, ಸಲ್ಲಿಸಬಹುದು. 2019ರ ತೇಜಸ್ವಿನಿ ಗೌಡ್ ತೀರ್ಪು ಇದನ್ನು ಒಪ್ಪಿದೆ. ಸಾಕ್ಷ್ಯ ವಿಚಾರಣೆ ಬೇಕಾಗುವ ಗೋಜಲಿನ ಪ್ರಕರಣವನ್ನು ಮಾತ್ರ ಹೈಕೋರ್ಟ್ ಕೌಟುಂಬಿಕ ನ್ಯಾಯಾಲಯಕ್ಕೆ ಕಳಿಸುವುದೇ ಹೆಚ್ಚು.

ಭೇಟಿಯ ಆದೇಶ: ವಿವರದಲ್ಲಿದೆ ನೆಮ್ಮದಿ

ಭೇಟಿಯನ್ನು ಸುಪರ್ದಿ ಸೋತವರಿಗೆ ಕೊಡುವ ಸಮಾಧಾನದ ಬಹುಮಾನ ಎಂದುಕೊಂಡವರು ಬಹಳ. ತಂದೆ ತಾಯಿ ಇಬ್ಬರ ಪ್ರೀತಿ, ಒಡನಾಟ, ರಕ್ಷಣೆ ಮಗುವಿನ ಮೂಲಭೂತ ಮಾನವ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿತು. ಮಗುವಿನಿಂದ ದೂರವಿರುವ ತಂದೆಗೋ ತಾಯಿಗೋ ದಿನಕ್ಕೆ ಐದು ಹತ್ತು ನಿಮಿಷವಾದರೂ ಅದರೊಂದಿಗೆ ಮಾತಾಡುವ ಅವಕಾಶ ಇರಬೇಕು, ಬೇರೆ ರಾಜ್ಯ, ಬೇರೆ ದೇಶದಲ್ಲಿ ಇರುವವರಿಗೆ ವಿಡಿಯೊ ಕರೆ ನೆರವಾಗುತ್ತದೆ ಎಂದೂ ಆ ತೀರ್ಪು ಹೇಳಿದೆ. ಅಂದರೆ ಭೇಟಿಯನ್ನು ತಡೆದವರು ಕಸಿದುಕೊಳ್ಳುವುದು ಮೊದಲು ತಮ್ಮ ಮಗುವಿನ ಹಕ್ಕನ್ನು.

ಭೇಟಿಯಲ್ಲಿ ಹಲವು ಬಗೆ. ಆರಂಭದಲ್ಲಿ, ಅಥವಾ ನಂಬಿಕೆ ಪೂರ್ತಿ ಮುರಿದಿರುವಾಗ, ನ್ಯಾಯಾಲಯದ ಆವರಣದ ಮಕ್ಕಳ ಕೊಠಡಿಯಲ್ಲೋ ಮಧ್ಯಸ್ಥಿಕೆ ಕೇಂದ್ರದಲ್ಲೋ ಒಂದೆರಡು ಗಂಟೆ ಭೇಟಿ ಇರುತ್ತದೆ. ಮಗು ಒಗ್ಗಿಕೊಂಡಂತೆ ಅದು ವಾರಾಂತ್ಯದ ಹಗಲಿಗೆ, ಆಮೇಲೆ ರಾತ್ರಿ ಉಳಿಯುವ ಭೇಟಿಗೆ, ಬೇಸಿಗೆ ಮತ್ತು ದಸರಾ ರಜೆಯ ಅರ್ಧಕ್ಕೆ ಹಿಗ್ಗಬಹುದು. ತಿಂಗಳುಗಟ್ಟಲೆ ನೋಡದ ತಂದೆಯ ಜೊತೆ ಮೂರು ವರ್ಷದ ಮಗುವನ್ನು ಮೊದಲ ದಿನವೇ ಎರಡು ರಾತ್ರಿಗೆ ಕಳಿಸಿ ಎಂದು ಪಟ್ಟು ಹಿಡಿಯುವುದರಲ್ಲಿ ಅರ್ಥವಿಲ್ಲ. ಹೆಜ್ಜೆ ಹೆಜ್ಜೆಯಾಗಿ ಹೆಚ್ಚುವ ಭೇಟಿಯನ್ನು ಕೇಳುವುದು ಮಗುವಿಗೂ ಒಳ್ಳೆಯದು, ನ್ಯಾಯಾಧೀಶರಿಗೂ ಒಪ್ಪಿಗೆಯಾಗುತ್ತದೆ.

‘ತಂದೆಗೆ ಸೂಕ್ತ ಭೇಟಿಯ ಅವಕಾಶ ಇರತಕ್ಕದ್ದು’ ಎಂಬ ಒಂದು ಸಾಲಿಗೆ ಒಪ್ಪಿ ಸಹಿ ಹಾಕಿದವರು ಆಮೇಲೆ ಪ್ರತಿ ವಾರ ಜಗಳವಾಡುತ್ತಾರೆ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಕರೆತರುವವರು ಯಾರು, ಎಲ್ಲಿ ಒಪ್ಪಿಸಬೇಕು, ಮಗುವಿಗೆ ಹುಷಾರಿಲ್ಲದೆ ತಪ್ಪಿದ ಭೇಟಿಗೆ ಬದಲಿ ದಿನ ಯಾವುದು, ಹುಟ್ಟುಹಬ್ಬ ಯಾರ ಜೊತೆ, ಪರೀಕ್ಷೆಯ ತಿಂಗಳಲ್ಲಿ ಏನು, ಕರೆ ಮಾಡುವ ಹೊತ್ತು ಯಾವುದು, ಆ ಹೊತ್ತಿಗೆ ಫೋನ್ ಮಗುವಿನ ಕೈಗೆ ಕೊಡುವವರು ಯಾರು: ಇಷ್ಟೂ ಬರಹದಲ್ಲಿರಲಿ. ಅಂಕಪಟ್ಟಿ ನೋಡುವ, ಆಸ್ಪತ್ರೆಯ ವಿವರ ತಿಳಿಯುವ ಹಕ್ಕನ್ನೂ ಸೇರಿಸಿ. ಇಷ್ಟು ಸಣ್ಣ ವಿಷಯಗಳನ್ನು ಬರೆಯಬೇಕೇ ಎಂದು ಮಧ್ಯಸ್ಥಿಕೆಯ ಮೇಜಿನಲ್ಲಿ ಮುಜುಗರ ಆಗಬಹುದು. ಬರೆದಿಟ್ಟ ಗಂಟೆ ನಿಮಿಷಗಳಿದ್ದರೆ ಬಾಗಿಲಲ್ಲಿ ನಿಂತು ವಾದ ಮಾಡುವ ಸಂದರ್ಭವೇ ಬರುವುದಿಲ್ಲ, ಮಗು ಆ ವಾದ ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ.

ಆದೇಶವಿದ್ದೂ ಮಗುವನ್ನು ತೋರಿಸದಿದ್ದರೆ? ಗೋಡೆ ಹಾರಿ ಮಗುವನ್ನು ಎತ್ತಿಕೊಂಡು ಬರುವುದು, ಶಾಲೆಯ ಗೇಟಿನಲ್ಲಿ ಗದ್ದಲ ಮಾಡುವುದು ನಿಮ್ಮ ಪ್ರಕರಣವನ್ನೇ ಹಾಳು ಮಾಡುತ್ತದೆ. ತಪ್ಪಿದ ಪ್ರತಿ ಭೇಟಿಯ ದಿನಾಂಕ, ಕಳಿಸಿದ ಸಂದೇಶ, ಬಂದ ಉತ್ತರ ಉಳಿಸಿಕೊಂಡು ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ, ಎಂದರೆ ಆದೇಶವನ್ನು ಜಾರಿಗೆ ತನ್ನಿ ಎಂದು ಕೇಳುವ ಅರ್ಜಿ, ಹಾಕಬೇಕು. ಬೇಕೆಂದೇ ಆದೇಶ ಮುರಿದವರ ವಿರುದ್ಧ ನ್ಯಾಯಾಂಗ ನಿಂದನೆಯ ದಾರಿಯೂ ಇದೆ. ಮತ್ತೆ ಮತ್ತೆ ಅಡ್ಡಿಯಾದರೆ ಸುಪರ್ದಿಯೇ ಬದಲಾಗಬಹುದು.

ಜೀವನಾಂಶ ಕೊಡದ್ದಕ್ಕೆ ಭೇಟಿ ನಿಲ್ಲಿಸುವುದು, ಭೇಟಿ ಸಿಗದ್ದಕ್ಕೆ ಜೀವನಾಂಶ ನಿಲ್ಲಿಸುವುದು, ಎರಡೂ ತಪ್ಪು. ಇವು ಒಂದಕ್ಕೊಂದು ಬೆಲೆ ಕಟ್ಟುವ ವ್ಯವಹಾರವಲ್ಲ. ಬಾಕಿ ಹಣಕ್ಕೆ ವಸೂಲಿಯ ಅರ್ಜಿ ಬೇರೆ, ಭೇಟಿಗೆ ಅಮಲ್ಜಾರಿ ಬೇರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ತಾಯಿ ತನಗೆ ಏನೂ ಬೇಡ ಎಂದು ಬರೆದುಕೊಟ್ಟರೂ ಮಗುವಿನ ಪೋಷಣೆಯ ಹಕ್ಕನ್ನು ಅವಳು ಬಿಟ್ಟುಕೊಡಲಾರಳು, ಅದು ಮಗುವಿನದು.

ಮಗುವೇ ಹೋಗಲು ಒಲ್ಲೆ ಎಂದರೆ ಏನು ಮಾಡುವುದು ಎಂಬುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕಾರಣ ಎರಡಿರಬಹುದು. ನಿಜವಾದ ಭಯ ಇರಬಹುದು: ಹೊಡೆತ, ಕುಡಿತ, ಲೈಂಗಿಕ ದೌರ್ಜನ್ಯ. ಅಂಥ ಸುಳಿವು ಇದ್ದರೆ ಮಗುವಿನ ಮಾತನ್ನು ನಂಬಿ ತಕ್ಷಣ ನ್ಯಾಯಾಲಯಕ್ಕೆ ತಿಳಿಸಬೇಕು. ಭೇಟಿಯನ್ನು ತಡೆಹಿಡಿಯಲು ಅಥವಾ ಮೂರನೆಯವರ ಕಣ್ಗಾವಲಿನಲ್ಲಿ ಮಾತ್ರ ನಡೆಸಲು ಕೇಳಬೇಕು. ಇನ್ನೊಂದು, ಬಳಿಯಲ್ಲಿರುವವರು ದಿನವೂ ತುಂಬಿದ ದ್ವೇಷ. 2017ರ ವಿವೇಕ್ ಸಿಂಗ್ ಪ್ರಕರಣದಲ್ಲಿ ಹೆಣ್ಣುಮಗು ಎಳವೆಯಿಂದ ತಂದೆಯ ಬಳಿಯೇ ಬೆಳೆದಿತ್ತು. ಹೆತ್ತವರಲ್ಲಿ ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವ ಅಪಾಯವನ್ನು ಚರ್ಚಿಸಿದ ಸುಪ್ರೀಂ ಕೋರ್ಟ್, ಮಗುವನ್ನು ತಾಯಿಗೆ ಒಪ್ಪಿಸಬೇಕೆಂಬ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಈ ಎರಡು ಕಾರಣಗಳನ್ನು ಹೊರಗಿನಿಂದ ನೋಡಿ ಹೇಳುವುದು ಸುಲಭವಲ್ಲ. ಮನೋವೈದ್ಯರ, ಆಪ್ತ ಸಮಾಲೋಚಕರ ನೆರವು ಪಡೆಯಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಅವಕಾಶ ಕೊಟ್ಟಿರುವುದು ಇಂಥ ಸಂದರ್ಭಕ್ಕೇ, ಅದನ್ನು ಕೇಳಿ ಪಡೆಯಬೇಕು.

ಜಂಟಿ ಸುಪರ್ದಿ, ಊರು ಬಿಡುವುದು, ಆದೇಶ ಬದಲಿಸುವುದು

ಜಂಟಿ ಸುಪರ್ದಿಯನ್ನು ಹೆಸರಿಸಿ ವಿವರಿಸುವ ಕಾಯ್ದೆ ನಮ್ಮಲ್ಲಿಲ್ಲ. ಕಾನೂನು ಆಯೋಗ 2015ರಲ್ಲಿ ಅದನ್ನು ಒಂದು ಆಯ್ಕೆಯಾಗಿ ಸೇರಿಸಲು ಹೇಳಿತು. ಅದಕ್ಕೂ ಮೊದಲೇ, 2013ರಲ್ಲಿ, ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹುಡುಗ ಜನವರಿಯಿಂದ ಜೂನ್‌ವರೆಗೆ ತಂದೆಯೊಂದಿಗೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯೊಂದಿಗೆ ಇರಲಿ, ಓದಿನ ಖರ್ಚು ಇಬ್ಬರೂ ಸಮನಾಗಿ ಹೊರಲಿ ಎಂದು ಆದೇಶಿಸಿತ್ತು. ಎರಡೂ ಮನೆಗಳಿಂದ ಒಂದೇ ಶಾಲೆಗೆ ಹೋಗಿಬರಲು ಆಗುವಾಗ, ಹೆತ್ತವರು ಪರಸ್ಪರ ಮಾತಾಡಬಲ್ಲವರಾಗಿದ್ದಾಗ ಇದು ಚೆನ್ನಾಗಿ ನಡೆಯುತ್ತದೆ. ಇಬ್ಬರೂ ಬದ್ಧವೈರಿಗಳಂತಿದ್ದರೆ ಮಗುವಿಗೆ ವರ್ಷಕ್ಕೆರಡು ಬಾರಿ ಬದುಕು ಕಿತ್ತು ನೆಟ್ಟಂತಾಗುತ್ತದೆ. ಸಮಪಾಲು ಕೇಳುವುದಕ್ಕೆ ಮುನ್ನ ಇದನ್ನು ಯೋಚಿಸಬೇಕು.

ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗಬೇಕಾದವರು ಸದ್ದಿಲ್ಲದೆ ಹೊರಡಬಾರದು. ಭೇಟಿಯ ಆದೇಶವಿದ್ದರೆ ಮೊದಲು ನ್ಯಾಯಾಲಯಕ್ಕೆ ತಿಳಿಸಿ ಅದನ್ನು ಹೊಸ ದೂರಕ್ಕೆ ಹೊಂದಿಸಿಕೊಳ್ಳಬೇಕು. ವಿದೇಶದ ವಿಷಯ ಇನ್ನೂ ಸೂಕ್ಷ್ಮ. ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಒಯ್ದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ವಿದೇಶದ ನ್ಯಾಯಾಲಯದ ಆದೇಶ ಇಲ್ಲಿ ಪರಿಗಣಿಸುವ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತವೇ ಮುಖ್ಯ ಎಂದು 2017ರ ನಿತ್ಯಾ ಆನಂದ್ ರಾಘವನ್ ತೀರ್ಪು ಹೇಳಿದೆ. ಒಪ್ಪಿಗೆಯಿಲ್ಲದೆ ಮಗುವನ್ನು ಹೊರದೇಶಕ್ಕೆ ಕರೆದೊಯ್ಯುವ ಭಯವಿದ್ದರೆ ನ್ಯಾಯಾಲಯದ ಅನುಮತಿಯಿಲ್ಲದೆ ದೇಶ ಬಿಡಬಾರದು ಎಂಬ ಆದೇಶವನ್ನು ಮೊದಲೇ ಕೇಳಬೇಕು. ವಿಮಾನ ಹೊರಟ ಮೇಲೆ ಮಗುವನ್ನು ವಾಪಸ್ ತರಿಸುವುದು ಬಹಳ ಕಷ್ಟ.

ಸುಪರ್ದಿಯ ಯಾವ ಆದೇಶವೂ ಕಲ್ಲಿನ ಮೇಲಿನ ಬರಹವಲ್ಲ. ಮಗು ಬೆಳೆದಿದೆ, ಶಾಲೆ ಬದಲಾಗಿದೆ, ಒಬ್ಬರು ಮರುಮದುವೆಯಾಗಿದ್ದಾರೆ, ಒಬ್ಬರ ಆರೋಗ್ಯ ಕೆಟ್ಟಿದೆ: ಪರಿಸ್ಥಿತಿ ಬದಲಾಗಿದ್ದರೆ ಆದೇಶ ಬದಲಿಸಲು ಅರ್ಜಿ ಹಾಕಬಹುದು. ಮರುಮದುವೆಯೊಂದೇ ಕಾರಣಕ್ಕೆ ಸುಪರ್ದಿ ತಪ್ಪುವುದಿಲ್ಲ, ಹೊಸ ಮನೆಯಲ್ಲಿ ಮಗು ಹೇಗಿದೆ ಎಂಬುದನ್ನು ನೋಡುತ್ತಾರೆ. ಇಬ್ಬರೂ ಮಾತಾಡಿ ದಿನ, ಗಂಟೆಗಳನ್ನು ಬದಲಿಸಿಕೊಂಡರೆ ಇನ್ನೂ ಒಳ್ಳೆಯದು. ಅದು ನಾಲ್ಕು ದಿನದ ಹೊಂದಾಣಿಕೆಯಲ್ಲ, ಕಾಯಂ ಬದಲಾವಣೆ ಎಂದಾದರೆ ಇಬ್ಬರೂ ಸಹಿ ಹಾಕಿದ ಜಂಟಿ ಮೆಮೊವನ್ನು ನ್ಯಾಯಾಲಯಕ್ಕೆ ಸಲ್ಲಿಸಿ ಆದೇಶಕ್ಕೆ ಸೇರಿಸಿಕೊಳ್ಳಿ. ಕೌಟುಂಬಿಕ ನ್ಯಾಯಾಲಯದ ಅಂತಿಮ ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 1984ರ ಕಾಯ್ದೆ ಕೊಟ್ಟಿರುವ ಅವಧಿ 30 ದಿನ. ಮಗುವಿಗೆ 18 ತುಂಬಿದ ದಿನದಿಂದ ಈ ಯಾವ ಆದೇಶವೂ ಅದನ್ನು ಕಟ್ಟಿಹಾಕುವುದಿಲ್ಲ. ಯಾರ ಮನೆಗೆ ಹೋಗಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಆಮೇಲೆ ಮಗುವೇ ತೀರ್ಮಾನಿಸುತ್ತದೆ.